ಕ್ಯಾಂಪರ್ ವ್ಯಾನಿನ ಫ್ಯೂಸ್ ಪದೇಪದೇ ಹೋದರೆ ದೊಡ್ಡದು ಹಾಕಬಹುದೇ?

ಸೆಕೆಂಡ್ ಹ್ಯಾಂಡ್ ಕ್ಯಾಂಪರ್ ಕೊಂಡು ಕುಮಟಾದಿಂದ ಕತಗಾಲದ ಮೇಲೆ ಯಾಣಕ್ಕೆ ಹೊರಟಿದ್ದೀರಾ? ‘ಫ್ರಿಜ್, ಫ್ಯಾನ್ ಎಲ್ಲ ಗಾಡಿ ಬ್ಯಾಟರಿಗೇ ಜೋಡಿಸಿ, ಫ್ಯೂಸ್ ಹೋದರೆ ದೊಡ್ಡದು ಹಾಕಿ’ ಎಂಬ ಸಲಹೆ ವಾಟ್ಸ್ಆ್ಯಪ್‌ನಲ್ಲಿ ಬಂದರೆ ದಯವಿಟ್ಟು ಫಾರ್ವರ್ಡ್ ಮಾಡಬೇಡಿ.

ಫ್ಯೂಸ್ ಇರುವುದು ಮುಖ್ಯವಾಗಿ ವೈರ್ ಕಾಯಲಿಕ್ಕೆ. 120 ವ್ಯಾಟ್ ಫ್ರಿಜ್ ಮನೆಯ 230 ವೋಲ್ಟಿನಲ್ಲಿ ಸುಮಾರು ಅರ್ಧ ಆಂಪಿಯರ್ ಎಳೆದರೆ, ಗಾಡಿಯ 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ. ಸಪೂರ ವೈರಿಗೆ 30 ಆಂಪಿಯರ್ ಫ್ಯೂಸ್ ಹಾಕಿದರೆ, ಲೋಡ್ ಜಾಸ್ತಿಯಾದಾಗ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. 12 ವೋಲ್ಟ್ ಸಾಮಾನ್ಯವಾಗಿ ಶಾಕ್ ಹೊಡೆಯುವುದಿಲ್ಲ, ನಿಜ. ಬೆಂಕಿ ಹಚ್ಚಲು ಮಾತ್ರ ಧಾರಾಳ ಸಾಕು!

ನಮ್ಮ ಕರಾವಳಿಯ ಹವೆಗೆ ಇನ್ನೊಂದು ಕಾಟವಿದೆ: ತಾಮ್ರದ ಜೋಡಣೆಗೆ ಹಿಡಿಯುವ ಹಸಿರು ಕಿಲುಬು. ಅಲ್ಲಿ ವಿದ್ಯುತ್ತಿಗೆ ತಡೆ ಹೆಚ್ಚಿ ಜಾಯಿಂಟ್ ಬಿಸಿಯಾಗುತ್ತದೆ. ಇದು ಫ್ಯೂಸಿಗೆ ಗೊತ್ತೇ ಆಗುವುದಿಲ್ಲ. ಹಾಗಾಗಿ ಹಳೆ ಜಾಯಿಂಟುಗಳನ್ನು ಬಿಚ್ಚಿಸಿ ನೋಡಿ.

ಎಂಜಿನ್ ಬ್ಯಾಟರಿಯಿಂದ ರಾತ್ರಿಯಿಡೀ ಫ್ರಿಜ್ ಓಡಿಸಿದರೆ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗದಿರಬಹುದು. ಕ್ಯಾಂಪರ್‌ಗೆ ಬೇರೆ ಬ್ಯಾಟರಿ ಇರಲಿ. ಎರಡರ ನಡುವೆ, ಎಂಜಿನ್ ಓಡುವಾಗ ಮಾತ್ರ ಸಂಪರ್ಕ ಕೊಡುವ ರಿಲೇ ಹಾಕಿಸಿ. ಲೋಡಿಗೆ ತಕ್ಕ ದಪ್ಪದ ವೈರ್, ಆ ವೈರಿಗೆ ತಕ್ಕ ಫ್ಯೂಸ್, ಅದೂ ಎರಡೂ ಬ್ಯಾಟರಿಗಳ ಪ್ಲಸ್ ಟರ್ಮಿನಲ್ ಹತ್ತಿರವೇ.