ಒಂದು ಗೋಡೆ, ಎರಡು ಮನೆ



ಹಬ್ಬ ಹತ್ತಿರ ಬಂದಾಗ ನಾವು ಕೋಟನೂರಿನವರು, ಕಮಲಾಪುರದ ಕಡೆಯವರು, ಸುತ್ತಲಿನ ಹಳ್ಳಿಯವರು ಎಲ್ಲರೂ ಕಲಬುರಗಿಯ ಹಳೆಯ ಪೇಟೆಗೇ ಹೋಗುತ್ತೇವೆ. ಕಪಡಾ ಬಜಾರ್, ಸರಾಫ್ ಬಜಾರ್, ಸೂಪರ್ ಮಾರ್ಕೆಟ್ ಸುತ್ತಿ ಬಟ್ಟೆ, ಬಳೆ, ಸುರುಮ, ಸೇವಿಗೆ ಎಲ್ಲವನ್ನೂ ತರುತ್ತೇವೆ. ಆದರೆ ಅಂಗಡಿಯ ಬೋರ್ಡಿನ ಮೇಲಕ್ಕೆ ನಮ್ಮ ಕಣ್ಣು ಹೋಗುವುದಿಲ್ಲ. ಮುಂದಿನ ಸಲ ಒಮ್ಮೆ ತಲೆ ಎತ್ತಿ ನೋಡಿರಿ. ಹಳೆಯ ಓಣಿಗಳಲ್ಲಿ ಇನ್ನೂ ಅಲ್ಲಲ್ಲಿ ಕಟ್ಟಿಗೆಯ ಕಂಬ, ಕಮಾನಿನ ಕಿಟಕಿ, ದೀಪವಿಡುವ ಗೂಡು, ಮಣ್ಣಿನ ಮಾಳಿಗೆ ಉಳಿದಿವೆ. ಪಕ್ಕದಲ್ಲೇ ಇಂಥದ್ದೇ ಒಂದು ಮನೆಯನ್ನು ಕೆಡವಿ ಶಟರ್ ಹಾಕಿದ ಮೂರಂತಸ್ತಿನ ಕಟ್ಟಡವೂ ಎದ್ದಿರುತ್ತದೆ.

ಇದು ಸಾಮಾನ್ಯ ಊರಲ್ಲ. 1347ರಲ್ಲಿ ಬಹಮನಿ ರಾಜ್ಯ ಇಲ್ಲಿ ನೆಲೆಯೂರಿತು. ಅಹ್ಮದ್ ಶಾಹನ ಕಾಲದಲ್ಲಿ ರಾಜಧಾನಿ ಬೀದರಿಗೆ ಹೋಗುವವರೆಗೆ ದಖ್ಖನಿನ ವ್ಯಾಪಾರವೆಲ್ಲ ಇಲ್ಲಿಗೆ ಬರುತ್ತಿತ್ತು. ಕೋಟೆಯೊಳಗಿನ ಜಾಮಿಯಾ ಮಸೀದಿಯ ಶಾಸನ 1367ರದು. ತೆರೆದ ಅಂಗಳವೇ ಇಲ್ಲದೆ ಪೂರ್ತಿ ಗುಮ್ಮಟಗಳ ನೆರಳಿನಲ್ಲಿರುವ ಅಂಥ ಮಸೀದಿ ನಮ್ಮ ದೇಶದಲ್ಲಿ ಬಹಳ ಅಪರೂಪ. ಬೇಸಿಗೆಯಲ್ಲಿ ಅದರೊಳಗೆ ಕಾಲಿಟ್ಟವರಿಗೆ, ಕಟ್ಟಿದವರು ನಮ್ಮ ಊರಿನ ಬಿಸಿಲನ್ನು ಚೆನ್ನಾಗಿ ಅರಿತಿದ್ದರು ಎಂಬುದು ಗೊತ್ತಾಗುತ್ತದೆ. ಶಾಹ ಬಜಾರ್ ಎಂಬ ಹೆಸರಿನಲ್ಲೇ ಮಾರುಕಟ್ಟೆ ಇದೆ, ಅಲ್ಲಿ ಬಹಮನಿ ಕಾಲದ ಮಸೀದಿಯೂ ಇದೆ. 1422ರಲ್ಲಿ ವಫಾತ್ ಆದ ಖ್ವಾಜಾ ಬಂದೇ ನವಾಜರ ದರ್ಗಾಕ್ಕೆ ಎಲ್ಲ ಸಮುದಾಯದವರೂ ಬರುತ್ತಾರೆ. ಶರಣಬಸವೇಶ್ವರರ ಜಾತ್ರೆಗೆ ಬರುವವರೂ ಇದೇ ಬಜಾರಿನಲ್ಲಿ ಖರೀದಿ ಮಾಡುತ್ತಾರೆ. ಗುಲಬರ್ಗಾ, ಬೀದರ್, ಬಿಜಾಪುರ, ಹೈದರಾಬಾದಿನ ಸುಲ್ತಾನರ ಕಾಲದ ಸ್ಮಾರಕಗಳು 2014ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿದವು.

ಪಟ್ಟಿಗೆ ಸೇರಿದರೆ ಸಾಕೇ? ಕೋಟೆಯೊಳಗೆ ಕಮಾನುಗಳ ಸಾಲಿನ ಒಂದು ಬಜಾರ್ ಬೀದಿ ಇದೆ. ಅಂಗಡಿಗಳಾಗಿದ್ದ ಕೋಣೆಗಳಲ್ಲಿ ಮುಂದೆ ಸಂಸಾರಗಳು ನೆಲೆಯಾದವು, ತಲೆಮಾರುಗಳು ಕಳೆದವು. ಅವರನ್ನು ತೆರವುಗೊಳಿಸುವ ವಿಷಯ ಹೈಕೋರ್ಟಿನ ಕಲಬುರಗಿ ಪೀಠದವರೆಗೂ ಹೋಯಿತು. ಸ್ಮಾರಕ ಉಳಿಯಬೇಕು ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಆದರೆ ಅಲ್ಲಿ ಹುಟ್ಟಿ, ಅಲ್ಲಿಯೇ ಮದುವೆಯಾಗಿ, ಅಲ್ಲಿಯೇ ಮಕ್ಕಳನ್ನು ಹೆತ್ತ ಹೆಣ್ಣುಮಗಳು ಎಲ್ಲಿಗೆ ಹೋಗಬೇಕು ಎಂಬ ಪ್ರಶ್ನೆಯಲ್ಲೂ ನ್ಯಾಯವಿದೆ. ಹಂಪಿಯಲ್ಲಿ 2011ರ ಜುಲೈಯಲ್ಲಿ ವಿರೂಪಾಕ್ಷ ಬಜಾರಿನ ಅಂಗಡಿ, ಮನೆಗಳನ್ನು ಕೆಡವಿದ್ದು ನೆನಪಿರಬಹುದು. ಕಲ್ಲಿನ ಮಂಟಪಗಳು ಉಳಿದವು, ಬಜಾರ್ ಉಳಿಯಲಿಲ್ಲ. ನೋಡಲು ಬಂದವನಿಗೆ ಅಲ್ಲಿ ಕಂಬಗಳು ಕಾಣುತ್ತವೆ, ಚಹಾ ಕೊಡುವವಳು ಕಾಣುವುದಿಲ್ಲ. ಹಳೆಯ ಪೇಟೆಯನ್ನು ಉಳಿಸುವುದೆಂದರೆ ಇದು ಎಂದು ನನಗೆ ಅನಿಸುವುದಿಲ್ಲ.

ಕೈರೋದ ಉದಾಹರಣೆ ನೋಡಿರಿ. ಅಲ್-ಅಜ್ಹರ್ ಹತ್ತಿರ ಶತಮಾನಗಳಿಂದ ಊರಿನ ಕಸ ಸುರಿದು ಗುಡ್ಡವಾಗಿತ್ತು. ಆಗಾ ಖಾನ್ ಟ್ರಸ್ಟಿನವರು ಅಲ್ಲಿ ಉದ್ಯಾನ ಮಾಡಲು ಹೊರಟಾಗ ಅಯ್ಯೂಬಿ ಕಾಲದ ಕೋಟೆಗೋಡೆ ಮಣ್ಣಿನೊಳಗಿಂದ ಹೊರಬಂತು. ಗೋಡೆಗೆ ಅಂಟಿಕೊಂಡು ಬಡವರ ಮನೆಗಳಿದ್ದವು. ಅವರನ್ನು ಓಡಿಸುವ ಬದಲು ಮನೆ ದುರಸ್ತಿಗೆ ಸಣ್ಣ ಸಾಲ ಕೊಟ್ಟರು, ಹುಡುಗರಿಗೆ ಬಡಗಿ ಕೆಲಸ, ಕಲ್ಲಿನ ಕೆಲಸ ಕಲಿಸಿದರು. 2005ರಲ್ಲಿ ಉದ್ಯಾನ ತೆರೆಯಿತು, ಪಕ್ಕದ ದರ್ಬ್ ಅಲ್-ಅಹ್ಮರ್ ಓಣಿಯಲ್ಲಿ ಜನ ತಮ್ಮ ಮನೆಗಳಲ್ಲೇ ಉಳಿದರು.

ಅಷ್ಟು ದೊಡ್ಡ ಹಣ ನಮ್ಮಲ್ಲಿಲ್ಲ, ನಿಜ. ಆದರೆ ಹಳೆಯ ಓಣಿ ಹಣದಿಂದ ನಿಂತಿರಲಿಲ್ಲ, ನೆರೆಯವರ ಹಕ್ಕಿನ ಮೇಲೆ ನಿಂತಿತ್ತು. ಹದೀಸಿನ ಪಾಠದಲ್ಲಿ ನಾವು ಓದುತ್ತಿದ್ದ ಒಂದು ಮಾತು ಇಲ್ಲಿ ಉಪಯೋಗಕ್ಕೆ ಬರುತ್ತದೆ. ನೆರೆಯವನು ತನ್ನ ತೊಲೆಯನ್ನು ನಿಮ್ಮ ಗೋಡೆಗೆ ಊರಿದರೆ ತಡೆಯಬಾರದೆಂದು ಪ್ರವಾದಿ(ಸ)ರು ಕಲಿಸಿದ್ದಾರೆ. ದಾರಿಯ ಅಗಲದ ಬಗ್ಗೆ ಜಗಳವಾದರೆ ಏಳು ಮೊಳ ಬಿಡಬೇಕೆಂದೂ ಹೇಳಿದ್ದಾರೆ, ಅಂದರೆ ಸುಮಾರು ಹತ್ತೂವರೆ ಅಡಿ. ಒಂದು ಗೋಡೆಗೆ ಎರಡು ಮನೆಯ ತೊಲೆ ಕೂತಿರುವ ಸಾಲಿನಲ್ಲಿ ಒಬ್ಬರು ಜೆಸಿಬಿ ತಂದರೆ ಪಕ್ಕದವರ ಮಾಳಿಗೆ ಬಿರುಕು ಬಿಡುತ್ತದೆ. ಅವರೂ ಕೆಡವುತ್ತಾರೆ, ಆಮೇಲೆ ಮೂರನೆಯವರು. ಒಂದು ಓಣಿ ಹೀಗೆಯೇ ಮುಗಿಯುತ್ತದೆ.

ಮೊದಲ ಮನೆಯನ್ನು ಕೆಡವಿಸುವುದು ಹೆಚ್ಚಿನ ಸಲ ಮೀರಾಸು. ನನ್ನ ವಿದ್ಯಾರ್ಥಿನಿಯೊಬ್ಬಳ ತಾಯಿ ಕೇಳಿದರು, "ಆಪಾ, ಅಬ್ಬಾನ ಮನೆ ಮಾರೋಣ ಅಂತಾರ ಅಣ್ಣಂದಿರು. ನಾ ಬ್ಯಾಡ ಅಂದ್ರ ಗುನಾಹ್ ಆಗ್ತದೇನ್ರಿ?" ಗುನಾಹ್ ಏಕಾಗಬೇಕು? ನಿಮ್ಮ ಪಾಲು ನಿಮ್ಮದು, ಅದನ್ನು ಅಣ್ಣ ಮಾರುವಂತಿಲ್ಲ. ಅಣ್ಣನ ಪಾಲನ್ನು ನೀವು ತಡೆಯುವಂತೆಯೂ ಇಲ್ಲ. ಆದರೆ ಪಾಲು ಕೊಡಲು ಮನೆಯನ್ನೇ ಒಡೆಯಬೇಕೆಂದು ಶರೀಅತ್ ಹೇಳಿಲ್ಲ. ಆಸ್ತಿಯನ್ನು ಒಟ್ಟಾಗಿಟ್ಟು ಪಾಲುಗಳನ್ನು ಕಾಗದದಲ್ಲಿ ಬರೆದಿಡಬಹುದು. ಅವರ ಮನೆಯ ಲೆಕ್ಕವನ್ನೇ ನಾವು ಕೂತು ಮಾಡಿದೆವು. ತಾಯಿ ಇದ್ದಾರೆ, ಇಬ್ಬರು ಗಂಡುಮಕ್ಕಳು, ಇಬ್ಬರು ಹೆಣ್ಣುಮಕ್ಕಳು. ತಾಯಿಗೆ ಎಂಟನೆಯ ಒಂದು ಭಾಗ. ಇಡೀ ಆಸ್ತಿಯನ್ನು 48 ಭಾಗ ಮಾಡಿದರೆ ತಾಯಿಗೆ 6, ಪ್ರತಿ ಮಗನಿಗೆ 14, ಪ್ರತಿ ಮಗಳಿಗೆ 7. ಕೆಳಗಿನ ಎರಡು ಕೋಣೆಗಳನ್ನು ಅಂಗಡಿಗೆ ಕೊಟ್ಟು ತಿಂಗಳಿಗೆ 9600 ರೂಪಾಯಿ ಬಂದರೆ ತಾಯಿಗೆ 1200, ಅಣ್ಣಂದಿರಿಗೆ 2800ರಂತೆ, ಅಕ್ಕತಂಗಿಯರಿಗೆ 1400ರಂತೆ. ಒಬ್ಬ ಅಣ್ಣನಿಗೆ ಒಟ್ಟಿಗೆ ಹಣ ಬೇಕೇ? ಉಳಿದವರು ಒಪ್ಪಿದ ಮೊತ್ತ ಕೊಟ್ಟು ಅವನ ಪಾಲನ್ನು ಕೊಳ್ಳಬಹುದು. ಫಿಕ್ಹಿನಲ್ಲಿ ಇದಕ್ಕೆ ತಖಾರುಜ್ ಎನ್ನುತ್ತಾರೆ.

ಆದರೆ ಇದನ್ನೇ ನೆಪ ಮಾಡಿಕೊಂಡು, ಅಜ್ಜನ ಮನೆ ಒಡೆಯಬಾರದು ಎಂದು ಹಂಚಿಕೆಯನ್ನೇ ಮುಂದೂಡುತ್ತ ಹೋದರೆ ಅದು ಜುಲುಮ್. ಅಕ್ಕತಂಗಿಯರ ಪಾಲು ತಿಂದು ಉಳಿಸಿದ ಕಮಾನಿನಲ್ಲಿ ಬರಕತ್ ಇರುವುದಿಲ್ಲ. ಬಾಡಿಗೆ ಬಂದ ದಿನವೇ ಪಾಲು ಕೈಸೇರಲಿ, ಲೆಕ್ಕದ ಪುಸ್ತಕವನ್ನು ಹೆಣ್ಣುಮಕ್ಕಳೂ ನೋಡಲಿ.

ಮಾರಲೇಬೇಕಾದಾಗ ಶುಫಾ ಎಂಬ ನಿಯಮ ನೆನಪಿರಲಿ. ಹನಫಿ ಫಿಕ್ಹಿನಲ್ಲಿ ಕೊಳ್ಳುವ ಮೊದಲ ಹಕ್ಕು ಆಸ್ತಿಯ ಪಾಲುದಾರನಿಗೆ, ಆಮೇಲೆ ದಾರಿ, ನೀರು ಹಂಚಿಕೊಂಡವನಿಗೆ, ಆಮೇಲೆ ಗೋಡೆಯ ನೆರೆಯವನಿಗೆ. 1962ರಲ್ಲಿ ಸುಪ್ರೀಂ ಕೋರ್ಟ್ ಕೇವಲ ನೆರೆಯವನೆಂಬ ಆಧಾರದ ಮೇಲಿನ ಹಕ್ಕನ್ನು ಒಪ್ಪಲಿಲ್ಲ. ಆದರೆ ನೆರೆಯವನನ್ನು ಮೊದಲು ಕೇಳಬೇಡಿ ಎಂದು ಯಾವ ಕೋರ್ಟೂ ಹೇಳಿಲ್ಲವಲ್ಲ. ಆ ನೆರೆಯವನು ಹಿಂದೂ ಸಹೋದರನಾದರೂ ಮೊದಲು ಅವನನ್ನೇ ಕೇಳಿರಿ. ಹೊರಗಿನ ಬಿಲ್ಡರನಿಗೆ ಆ ಗೋಡೆಯ ಹಂಗಿಲ್ಲ, ನೆರೆಯವನಿಗಿದೆ.

ಇನ್ನು ದುರಸ್ತಿ. ಹಳೆಯ ಗೋಡೆ ಸುಣ್ಣದ ಗಚ್ಚಿನದು. ಅದರ ಮೇಲೆ ಸಿಮೆಂಟ್ ಮೆತ್ತಿದರೆ ಒಳಗಿನ ತೇವ ಹೊರಗೆ ಬರಲಾರದೆ ಗೋಡೆ ಒಳಗೊಳಗೇ ಪುಡಿಯಾಗುತ್ತದೆ. ಬಣ್ಣ ಎದ್ದು ಬರುವುದನ್ನು ಎಷ್ಟೋ ಮನೆಗಳಲ್ಲಿ ನೋಡಿದ್ದೀರಿ, ಹೊಸ ಡಿಸ್ಟೆಂಪರ್ ಹೊಡೆದು ಮರೆತಿದ್ದೀರಿ. ಸುಣ್ಣ ಅರಳಿಸಿ ಕೆಲಸ ಮಾಡಬಲ್ಲ ಹಿರಿಯ ಗೌಂಡಿಗಳು ಕಡಿಮೆಯಾಗುತ್ತಿದ್ದಾರೆ. ನಾಲ್ಕು ಮನೆಯವರು ಸೇರಿ ಕರೆಸಿದರೆ ಅವರಿಗೂ ಕೆಲಸ, ನಿಮಗೂ ಖರ್ಚು ಕಡಿಮೆ. ಒಡೆದ ಮನೆಯ ಶಹಾಬಾದಿ ಹಾಸುಗಲ್ಲು, ಕಟ್ಟಿಗೆಯ ಬಾಗಿಲು ಗುಜರಿಗೆ ಹೋಗುವ ಮೊದಲು ಅದೇ ಓಣಿಯವರು ಕೊಂಡು ಬಳಸಲಿ.

ಕೇಂದ್ರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಹತ್ತಿರ ಮನೆಯಿರುವವರು ಇದನ್ನು ತಿಳಿದಿರಬೇಕು. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದಿಂದ 100 ಮೀಟರ್‌ವರೆಗೆ ಹೊಸ ಕಟ್ಟಡ ನಿಷಿದ್ಧ, ಅದರಾಚೆ ಇನ್ನೂ 200 ಮೀಟರ್‌ವರೆಗೆ ಅನುಮತಿ ಬೇಕು. ನೂರು ಮೀಟರ್‌ನೊಳಗಿನ ಹಳೆಯ ಮನೆಯನ್ನು ಅನುಮತಿ ಪಡೆದು ದುರಸ್ತಿ ಮಾಡಬಹುದು. ಇದು ಗೊತ್ತಿಲ್ಲದೆ ಕೆಲವರು ಸೋರುವ ಮಾಳಿಗೆಯ ಕೆಳಗೇ ಬದುಕುತ್ತಾರೆ, ಕೆಲವರು ರಾತ್ರೋರಾತ್ರಿ ಕಟ್ಟಿಸಿ ನೋಟಿಸಿಗೆ ಹೆದರುತ್ತಾರೆ. ನಿಯಮ ಮುರಿದರೆ ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ ಆಗಬಹುದು.

ಬಜಾರ್ ಬದುಕಬೇಕಾದರೆ ಹೆಂಗಸರು ಅಲ್ಲಿ ನಿಲ್ಲುವಂತಿರಬೇಕು. ಮೂರು ತಾಸು ಖರೀದಿ ಮಾಡುವ ತಾಯಿಗೆ ಶೌಚಾಲಯವಿಲ್ಲ, ಕೂತು ಮಗುವಿಗೆ ಹಾಲುಣಿಸಲು ಜಾಗವಿಲ್ಲ, ಅಸರ್ ನಮಾಜಿಗೆ ಮೂಲೆಯಿಲ್ಲ ಎಂದರೆ ಅವಳು ಎ.ಸಿ. ಅಂಗಡಿಗೆ ಹೋಗುವುದರಲ್ಲಿ ತಪ್ಪೇನಿದೆ? ಒಂದು ಓಣಿಯ ವ್ಯಾಪಾರಿಗಳು ಮತ್ತು ಮಸೀದಿ ಕಮಿಟಿಯವರು ಸೇರಿದರೆ ಇದು ಒಂದು ರಮಜಾನಿನ ಚಂದಾದಲ್ಲಿ ಮುಗಿಯುವ ಕೆಲಸ.

ಹಳೆಯ ಮನೆಯ ಪಡಸಾಲೆಯನ್ನು ಗೋದಾಮು ಮಾಡುವುದಕ್ಕಿಂತ ಉತ್ತಮ ಉಪಯೋಗಗಳೂ ಇವೆ. ಮಹಿಳಾ ಸಂಘಗಳು ತಟ್ಟುವ ಜೋಳದ ರೊಟ್ಟಿಯನ್ನು ನಮ್ಮ ಜಿಲ್ಲಾಡಳಿತ 'ಕಲಬುರಗಿ ರೊಟ್ಟಿ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿತು. 2025ರ ಜೂನ್‌ನಲ್ಲಿ ಪ್ರಧಾನಿಯವರ ಮನ್ ಕೀ ಬಾತಿನಲ್ಲೂ ಅದರ ಪ್ರಸ್ತಾಪ ಬಂತು. ಬೀದರಿನ ಬಿದ್ರಿ ಕಲೆ ಉಳಿದದ್ದೂ ಹಳೆಯ ಊರಿನ ಮನೆಗಳಲ್ಲೇ, ಕೋಟೆಯ ಮಣ್ಣಿನಿಂದಲೇ. 2023ರಲ್ಲಿ ಶಾಹ ರಶೀದ್ ಅಹ್ಮದ್ ಖಾದ್ರಿಯವರಿಗೆ ಪದ್ಮಶ್ರೀ ಬಂತು. ಶಾಹ ಬಜಾರಿನ ಒಂದು ತಂಪು ಪಡಸಾಲೆಯಲ್ಲಿ ಐದಾರು ಹೆಂಗಸರು ಒಲೆ ಹೂಡಿದರೆ ದರ್ಗಾಕ್ಕೆ ಬಂದವರು ದಾರಿ ಕೇಳಿಕೊಂಡು ಬರುತ್ತಾರೆ.

ನನ್ನಲ್ಲಿ ಮೀರಾಸಿನ ಲೆಕ್ಕ ಕೇಳಿದ ಆ ಸಹೋದರಿಯ ಮನೆಯಲ್ಲಿ ಮಾತುಕತೆ ಇನ್ನೂ ಮುಗಿದಿಲ್ಲ. ಹಿರಿಯಣ್ಣ ಪಾಲಿನ ಕಾಗದ ಬರೆಸಲು ಒಪ್ಪಿದ್ದಾನೆ, ಕಿರಿಯವನು ಬಿಲ್ಡರನ ಬೆಲೆ ಹೇಳುತ್ತಿದ್ದಾನೆ. ಗೋಡೆಯ ಆಚೆಗಿನ ಕಿರಾಣಿ ಅಂಗಡಿಯವರನ್ನು ಇನ್ನೂ ಯಾರೂ ಕೇಳಿಲ್ಲ.