ಕಿವಿಯೊಳಗಿನ ಮೂರನೇ ಕಿಟಕಿ

ಕಣ್ಣುಗುಡ್ಡೆ ಅತ್ತಿತ್ತ ಹೊರಳುವ ಸದ್ದು ನಮಗೇ ಕೇಳಿಸೋಕೆ ಶುರುವಾದರೆ? ಹೀಗಂತ ಹೇಳಿಕೊಂಡವರನ್ನು ಕಿವಿ ಡಾಕ್ಟರ ಬದಲು ಮನಸ್ಸಿನ ಡಾಕ್ಟರ ಹತ್ತಿರ ಕಳಿಸೋರೇ ಹೆಚ್ಚೇನೋ :-) ಆದರೆ ಇದು ನಿಜವಾದ ಕಾಯಿಲೆ. 1998ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನ ಲಾಯ್ಡ್ ಮೈನರ್ ಮತ್ತು ಸಂಗಡಿಗರು ಇದನ್ನು ಮೊದಲ ಬಾರಿಗೆ ವಿವರಿಸಿದರು. ಹೆಸರು ಸುಪೀರಿಯರ್ ಕೆನಾಲ್ ಡಿಹಿಸೆನ್ಸ್.

ಒಳಕಿವಿಯಲ್ಲಿ ದೇಹದ ಸಮತೋಲನಕ್ಕೆಂದೇ ಮೂರು ಅರ್ಧವೃತ್ತದ ನಾಳಗಳಿವೆ. ಮೇಲಿನ ನಾಳಕ್ಕೂ ಮೆದುಳಿಗೂ ನಡುವೆ ಇರೋದು ತೆಳ್ಳನೆಯ ಮೂಳೆ. ಅದರಲ್ಲಿ ತೂತಿದ್ದರೆ ಎಡವಟ್ಟು. ಒಳಕಿವಿಗೆ ಇರಬೇಕಾದ ಕಿಟಕಿಗಳು ಎರಡೇ, ಇದು ಮೂರನೆಯದಾಗುತ್ತೆ. ಶಬ್ದದ ಒತ್ತಡ ಸಮತೋಲನದ ನಾಳಕ್ಕೂ ನುಗ್ಗುತ್ತೆ. ಲಾರಿ ಹಾರನ್ ಹೊಡೆದರೆ, ಜೋರಾಗಿ ಕೆಮ್ಮಿದರೆ ತಲೆ ಸುತ್ತು. ಸ್ವಂತ ದನಿ, ಹೆಜ್ಜೆ ಸಪ್ಪಳ, ಎದೆಬಡಿತ ಎಲ್ಲಾ ತಲೆಯೊಳಗೇ ಗುಂಯ್ ಅನ್ನುತ್ತೆ.

ಇದಕ್ಕೆ ಆಪರೇಷನ್ ಇದೆ. ಕಿವಿಯ ಮೇಲ್ಭಾಗದಲ್ಲಿ ತಲೆಬುರುಡೆ ತೆರೆದು, ಮೆದುಳನ್ನು ಮೆಲ್ಲಗೆ ಮೇಲೆತ್ತಿ ತೂತನ್ನು ತಲುಪೋದು ಒಂದು ದಾರಿ. ಕಿವಿಯ ಹಿಂದಿನ ಮೂಳೆ ಕೊರೆದು ಹೋಗೋದು ಇನ್ನೊಂದು. ಬಹಳಷ್ಟು ಸಲ ನಾಳದೊಳಗೇ ಮೂಳೆಪುಡಿ, ಮೇಣದಂಥದ್ದು ತುಂಬಿ ಬೆಣೆ ಹಾಕ್ತಾರೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಇದು ಬಗ್ ಫಿಕ್ಸ್ ಅಲ್ಲ, ಆ ಮಾಡ್ಯೂಲನ್ನೇ ಡಿಸೇಬಲ್ ಮಾಡೋದು! ಬೆಣೆ ಬಿದ್ದ ನಾಳ ಮತ್ತೆ ಕೆಲಸ ಮಾಡಲ್ಲ. ಉಳಿದ ನಾಳಗಳನ್ನೂ ಇನ್ನೊಂದು ಕಿವಿಯನ್ನೂ ನಂಬಿಕೊಂಡು ಮೆದುಳು ಹೊಸದಾಗಿ ಅಭ್ಯಾಸ ಮಾಡ್ಕೋಬೇಕು. ಕೆಲವರಿಗೆ ಕೇಳಿಸೋದು ಕಡಿಮೆಯಾಗುವ ಅಪಾಯವೂ ಇದೆ.

ನನ್ನ ತಕರಾರು ಇರೋದು "ಸ್ಕ್ಯಾನಲ್ಲಿ ತೂತು ಕಾಣ್ತಲ್ಲ, ಮುಚ್ಚಿಸಿಬಿಡೋಣ" ಅನ್ನುವ ಅವಸರದ ಬಗ್ಗೆ. ಮೈನರ್ ತಂಡವೇ ಸಂಗ್ರಹದಲ್ಲಿದ್ದ 1000 ಕಿವಿ ಮೂಳೆಗಳನ್ನು ಪರೀಕ್ಷಿಸಿ 2000ರಲ್ಲಿ ವರದಿ ಮಾಡಿತ್ತು. ಶೇಕಡಾ 0.5ರಷ್ಟರಲ್ಲಿ ತೂತಿತ್ತು, 1.4ರಷ್ಟರಲ್ಲಿ ಮೂಳೆ ತೀರಾ ತೆಳು. ತೂತಿದ್ದೂ ಯಾವ ತೊಂದರೆಯೂ ಇಲ್ಲದೆ ಬದುಕೋರು ಇದ್ದಾರೆ. ಸಾಲದ್ದಕ್ಕೆ, ಸಿಟಿ ಸ್ಕ್ಯಾನಿನ ಪದರ ದಪ್ಪವಾಗಿದ್ದರೆ ತೆಳು ಮೂಳೆಯೂ ತೂತಿನ ಹಾಗೇ ಕಾಣುತ್ತೆ. ಹಾಗಾಗಿ ರೋಗಿಯ ಮಾತು, ವೆಂಪ್ ಪರೀಕ್ಷೆ, ಸ್ಕ್ಯಾನ್ ಮೂರೂ ಒಂದೇ ಕಥೆ ಹೇಳಬೇಕು. ಗದ್ದಲದಿಂದ ದೂರ ಇದ್ದು ಸಂಭಾಳಿಸಬಲ್ಲವರು ತಲೆ ತೆರೆಸೋದ್ಯಾಕೆ? ತನ್ನ ಮಾತಿನ ಮೊಳಗು ತಡೆಯಲಾರದೆ ಮಾತೇ ಬಿಟ್ಟವರ ಲೆಕ್ಕ ಬೇರೆ. ಅವರಿಗೆ ಒಂದು ನಾಳ ಕೊಟ್ಟು ನೆಮ್ಮದಿ ಕೊಳ್ಳೋದು ಒಳ್ಳೇ ವ್ಯಾಪಾರವೇ. ಆ ಲೆಕ್ಕ ಹಾಕಬೇಕಾದವರು ಮಾತ್ರ ರೋಗಿ, ಸ್ಕ್ಯಾನ್ ಫಿಲ್ಮ್ ಅಲ್ಲ.

ಅಂದಹಾಗೆ, ಈ ಕಾಯಿಲೆ ಕಿವಿಯ ಪುಟ್ಟ ಮೂಳೆ ಬಿಗಿಯಾಗುವ ಓಟೋಸ್ಕ್ಲಿರೋಸಿಸ್ ಥರಾನೇ ವೇಷ ಹಾಕುತ್ತೆ. ಹಾಗಂದುಕೊಂಡು ಆ ಮೂಳೆಗೆ ಆಪರೇಷನ್ ಮಾಡಿಸಿಕೊಂಡು, ಕಿವಿ ಸುಧಾರಿಸದೆ, ಆಮೇಲೆ ತೂತು ಪತ್ತೆಯಾದವರೂ ಇದ್ದಾರೆ.