ಮೂರು ಮತದ ಮೇಷ್ಟ್ರು

ವಿಮಾನಪುರದ ಒಂದೇ ಬೀದಿಯಲ್ಲಿ ಮೂವರು ಇದ್ದಾರೆಂದು ಇಟ್ಟುಕೊಳ್ಳೋಣ. ಒಬ್ಬರು ಪದವೀಧರ ಪ್ರೌಢಶಾಲಾ ಮೇಷ್ಟ್ರು. ಇನ್ನೊಬ್ಬರು ಪದವಿಯಿಲ್ಲದ ಪ್ರಾಥಮಿಕ ಶಾಲೆಯ ಶಿಕ್ಷಕಿ. ಮತ್ತೊಬ್ಬರು ಐ.ಟಿ.ಐ. ಓದಿ ಎಚ್.ಎ.ಎಲ್.ನಲ್ಲಿ ದುಡಿಯುವ ಫಿಟ್ಟರ್. ವಿಧಾನಸಭೆಯ ಚುನಾವಣೆಯಲ್ಲಿ ಮೂವರಿಗೂ ಒಂದೊಂದೇ ಮತ. ಆದರೆ ವಿಧಾನ ಪರಿಷತ್ತಿಗೆ ಮೇಷ್ಟ್ರು ಮಾತ್ರ ಇನ್ನೂ ಎರಡು ಮತ ಹಾಕಬಹುದು!

ಇದು ಹೇಗೆ? ಸಂವಿಧಾನದ 171ನೇ ವಿಧಿಯನ್ನು ನೋಡಿ. ನಮ್ಮ ಪರಿಷತ್ತಿನ 75 ಸ್ಥಾನಗಳಲ್ಲಿ 25ನ್ನು ಶಾಸಕರೂ 25ನ್ನು ಸ್ಥಳೀಯ ಸಂಸ್ಥೆಗಳ ಸದಸ್ಯರೂ ಆರಿಸುತ್ತಾರೆ. ಪದವೀಧರರಿಗೆ 7, ಶಿಕ್ಷಕರಿಗೆ 7. ಸಾಹಿತ್ಯ, ವಿಜ್ಞಾನ, ಕಲೆ, ಸಹಕಾರ, ಸಮಾಜಸೇವೆಯ ಅನುಭವಿಗಳೆಂದು ರಾಜ್ಯಪಾಲರು ನಾಮಕರಣ ಮಾಡುವವರು 11 ಮಂದಿ. ಪದವಿ ಪಡೆದು ಮೂರು ವರ್ಷ ಕಳೆದವರು ಪದವೀಧರ ಮತದಾರರು. ಪ್ರೌಢಶಾಲೆ ಅಥವಾ ಅದಕ್ಕೂ ಮೇಲಿನ ಸಂಸ್ಥೆಯಲ್ಲಿ ಮೂರು ವರ್ಷ ಪಾಠ ಮಾಡಿದವರು ಶಿಕ್ಷಕ ಮತದಾರರು. ಎರಡೂ ಅರ್ಹತೆ ಇದ್ದರೆ ಎರಡೂ ಪಟ್ಟಿಗೆ ಸೇರಬಹುದು. ನಾನೂ ಈ ಸಾಲಿನವನೇ.

ಇದರಲ್ಲೊಂದು ವಿಚಿತ್ರವಿದೆ. ಮತದಾರ ಪದವೀಧರನಾಗಿರಬೇಕು, ಅಭ್ಯರ್ಥಿ ಆಗಿರಬೇಕಿಲ್ಲ. 1972ರಲ್ಲಿ ಮದರಾಸಿನ ಪದವೀಧರ ಕ್ಷೇತ್ರದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಹೀಗೆಂದು ತೀರ್ಪಿತ್ತಿತು. ಅಂದರೆ ಇಲ್ಲಿ ಮೀಸಲಾಗಿರುವುದು ಕುರ್ಚಿಯಲ್ಲ, ಕುರ್ಚಿಗೆ ಕಳಿಸುವ ಹಕ್ಕು.

1951ರ ಜನಗಣತಿಯ ಪ್ರಕಾರ ದೇಶದಲ್ಲಿ ಸಾಕ್ಷರರು ನೂರಕ್ಕೆ ಸುಮಾರು 18. ಅಂದು ಓದಿದವರ ದನಿಗೆ ಬೇರೆ ಜಾಗ ಬೇಕೆನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಬ್ರಿಟನ್ನಿನಲ್ಲಿ ವಿಶ್ವವಿದ್ಯಾಲಯದ ಪದವೀಧರರಿಗಿದ್ದ ಹೆಚ್ಚುವರಿ ಮತವನ್ನು 1948ರ ಕಾಯ್ದೆಯೇ ತೆಗೆದುಹಾಕಿತ್ತು. ಇಂದು ನಮ್ಮಲ್ಲಿ ಪದವೀಧರರಿಲ್ಲದ ಬೀದಿಯನ್ನು ಹುಡುಕಬೇಕು. ವಿಮಾನದ ರಿವೆಟ್ ಸಡಿಲವಾಗದಂತೆ ನೋಡಿಕೊಳ್ಳುವ ಫಿಟ್ಟರನ ತಿಳಿವಳಿಕೆ ನನ್ನ ಬಿ.ಎಸ್ಸಿ.ಗಿಂತ ಯಾವ ಲೆಕ್ಕದಲ್ಲಿ ಕಡಿಮೆ?

ಅದಕ್ಕಿಂತ ನೋಯುವ ಮಾತು ಪ್ರಾಥಮಿಕ ಶಿಕ್ಷಕಿಯದು. ಮಗುವಿನ ಕೈಹಿಡಿದು ‘ಅ’ ತಿದ್ದಿಸಿದವರು ಅವರು. ಅವರು ಹಾಕಿದ ಬುನಾದಿಯ ಮೇಲೆ ನಾವು ನ್ಯೂಟನ್ನನ ನಿಯಮ ಹೇಳುತ್ತೇವೆ. ‘ಶಿಕ್ಷಕರ ಕ್ಷೇತ್ರ’ ಎಂಬ ಹೆಸರು ಉಳಿಯುವುದಾದರೆ ಅವರಿಗೂ ಮತ ಸಿಗಬೇಕು. ಅದಕ್ಕೆ ಸಂಸತ್ತು ಕಾನೂನು ಮಾಡಬೇಕು.

ಅಲ್ಲಿಯವರೆಗೆ? ಈ ಪಟ್ಟಿ ಪ್ರತಿ ಚುನಾವಣೆಗೂ ಹೊಸದಾಗಿ ತಯಾರಾಗುತ್ತದೆ. ಪದವೀಧರ ಪೋಷಕರು ನಮೂನೆ 18, ಶಿಕ್ಷಕರು ನಮೂನೆ 19 ತುಂಬಿ ಹೆಸರು ಸೇರಿಸಲಿ. ಮತಪತ್ರದಲ್ಲಿ ಟಿಕ್ ಹಾಕಬಾರದು, 1, 2, 3 ಎಂದು ಪ್ರಾಶಸ್ತ್ಯ ಬರೆಯಬೇಕು. ಓಟು ಕೇಳಲು ಬಂದವರನ್ನು ವೇತನ, ವರ್ಗಾವಣೆಯ ಬಗ್ಗೆ ನಾವು ಕೇಳಿಯೇ ಕೇಳುತ್ತೇವೆ. ಜೊತೆಗೆ ಒಂದನೇ ತರಗತಿಯ ಕೊಠಡಿಯ ಬಗ್ಗೆಯೂ ಕೇಳೋಣ. ಅಲ್ಲಿರುವ ಶಿಕ್ಷಕಿಗೆ ಈ ಮತವಿಲ್ಲ, ಮಕ್ಕಳಿಗಂತೂ ಯಾವ ಮತವೂ ಇಲ್ಲ.